ಪಾಲುದಾರಿಕೆ: ಸಹಿ ಹಾಕುವ ಮುನ್ನ

ಊರು ಬಿಟ್ಟು ಬಂದ ನಮ್ಮವರಲ್ಲಿ ಅನೇಕರು ಕೆಲವು ವರ್ಷ ನೌಕರಿ ಮಾಡಿ, ಕೂಡಿಟ್ಟ ಹಣದಿಂದ ಗೆಳೆಯರೊಡನೆ ಹೋಟೆಲನ್ನೋ ಅಂಗಡಿಯನ್ನೋ ತೆರೆಯುವುದುಂಟು. ಬಾಯಿಮಾತನ್ನೇ ನಂಬಿ ಕಾಗದಪತ್ರದ ಗೋಜಿಗೆ ಹೋಗುವುದಿಲ್ಲ. ಅಂಥವರು 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ ಕೆಲವು ಮುಖ್ಯ ಅಂಶಗಳನ್ನಾದರೂ ತಿಳಿದಿರಬೇಕು.

ಎಲ್ಲರೂ ಸೇರಿ, ಅಥವಾ ಎಲ್ಲರ ಪರವಾಗಿ ಕೆಲವರು, ನಡೆಸುವ ವ್ಯಾಪಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರ ಸಂಬಂಧವೇ ಪಾಲುದಾರಿಕೆ (4ನೆಯ ಕಲಮು). ಲಾಭದಲ್ಲಿ ಪಾಲು ಸಿಕ್ಕ ಮಾತ್ರಕ್ಕೆ ಯಾರೂ ಪಾಲುದಾರರಾಗರು. ಸಂಬಳಕ್ಕೆ ಬದಲು ಲಾಭಾಂಶ ಪಡೆಯುವ ಅಡಿಗೆಯವನು ಅಷ್ಟರಿಂದಲೇ ಪಾಲುದಾರನಲ್ಲ.

ಪ್ರತಿಯೊಬ್ಬ ಪಾಲುದಾರನೂ ವ್ಯಾಪಾರದ ಮಟ್ಟಿಗೆ ಸಂಸ್ಥೆಯ ಏಜೆಂಟನು. ಗುಮಾಸ್ತನೊಬ್ಬನು 50,000 ರೂ. ಹಾಕಿ ಹೋಟೆಲಿನ ಪಾಲುದಾರನಾದನೆನ್ನಿ. ಗಲ್ಲೆಯ ಮೇಲೆ ಕೂತ ಗೆಳೆಯನು ಹೋಟೆಲಿಗಾಗಿ 4,00,000 ರೂ. ದಿನಸಿ ಉದ್ದರಿ ತಂದನು. ಹೋಟೆಲು ಮುಚ್ಚಿತು, ಗೆಳೆಯನು ಕೈಯೆತ್ತಿದನು. ಆಗ ದಿನಸಿ ವ್ಯಾಪಾರಿಯು ಪೂರ್ತಿ ಹಣವನ್ನು ಗುಮಾಸ್ತನೊಬ್ಬನಿಂದಲೇ ಕೇಳಬಹುದು (25ನೆಯ ಕಲಮು). ‘ನಾನು ಹಾಕಿದ್ದು ಐವತ್ತೇ ಸಾವಿರ’ ಎಂಬ ಮಾತು ನಡೆಯದು. ಅವನ ಸ್ವಂತ ಆಸ್ತಿಯೂ ಈ ಹೊಣೆಗೆ ಒಳಪಡುತ್ತದೆ.

ಕರಾರಿನಲ್ಲಿ ಬೇರೆ ರೀತಿ ಗೊತ್ತುಪಡಿಸದಿದ್ದರೆ, ಬಂಡವಾಳ ಹೆಚ್ಚುಕಡಿಮೆಯಿದ್ದರೂ ಲಾಭನಷ್ಟ ಸಮಪಾಲು. ಹಗಲಿರುಳು ದುಡಿದ ಪಾಲುದಾರನಿಗೆ ಸಂಬಳವೂ ಇಲ್ಲ (13ನೆಯ ಕಲಮು). ಆದುದರಿಂದ ಬಂಡವಾಳ, ಪಾಲು, ಸಂಬಳ, ಸಾಲ ತರುವ ಅಧಿಕಾರ, ಬಿಟ್ಟುಹೋಗುವ ಕ್ರಮ, ಇವಿಷ್ಟನ್ನೂ ಕರಾರುಪತ್ರದಲ್ಲಿ ಬರೆಯಿಸಿರಿ.

ಸಂಸ್ಥೆಯ ನೋಂದಣಿಯನ್ನು ಈ ಕಾಯಿದೆ ಕಡ್ಡಾಯ ಮಾಡಿಲ್ಲ. ಆದರೆ ನೋಂದಣಿಯಿಲ್ಲದ ಸಂಸ್ಥೆಯು ಕರಾರಿನಿಂದ ಬರಬೇಕಾದ ಬಾಕಿಗಾಗಿ ಹೊರಗಿನವರ ಮೇಲೆ ಸಾಮಾನ್ಯವಾಗಿ ದಾವೆ ಹೂಡಲಾರದು. ಹೊರಗಿನವರು ಅದರ ಮೇಲೆ ಹೂಡಬಹುದು (69ನೆಯ ಕಲಮು). ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಇದೆಯೇ ಎಂದು ನೀವೇ ನೋಡಿಕೊಳ್ಳಿರಿ.

ಪಾಲುದಾರಿಕೆಯನ್ನು ಬಿಡುವಾಗ ಗೆಳೆಯನಿಗೆ ಹೇಳಿದರೆ ಸಾಲದು. ಸಾರ್ವಜನಿಕ ಪ್ರಕಟಣೆಯಾಗುವವರೆಗೆ, ನಿಮ್ಮನ್ನು ಪಾಲುದಾರರೆಂದು ಬಲ್ಲವರ ಮಟ್ಟಿಗೆ ಮುಂದಿನ ಸಾಲಗಳ ಹೊಣೆಯೂ ನಿಮ್ಮ ಮೇಲಿರುತ್ತದೆ (32ನೆಯ ಕಲಮು). ಸರಕಾರಿ ಗೆಜೆಟಿನಲ್ಲಿಯೂ ಆ ಜಿಲ್ಲೆಯಲ್ಲಿ ಪ್ರಸಾರವಿರುವ ದೇಶಭಾಷೆಯ ಒಂದು ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ಸಂಸ್ಥೆ ನೋಂದಣಿಯಾಗಿದ್ದರೆ ರಿಜಿಸ್ಟ್ರಾರರಿಗೂ ತಿಳಿಸಬೇಕು.

ಹೊಣೆಗೆ ಮಿತಿ ಬೇಕೆನ್ನುವವರಿಗೆ 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯಿದೆ ಬೇರೊಂದು ದಾರಿ ತೋರಿಸಿದೆ. ಯಾವ ದಾರಿ ಹಿಡಿದರೂ, ‘ಸುಮ್ಮನೆ ನಿನ್ನ ಹೆಸರು ಕೊಡು, ಸಾಕು’ ಎಂದವರ ಕಾಗದಕ್ಕೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿರಿ.