ಬಂದೂಕಿನ ಜಾಗಕ್ಕೆ ವಾಕಿಟಾಕಿ

ಹಳೆಯ ಚಿತ್ರವನ್ನು ಮಕ್ಕಳಿಗಾಗಿ ತಿದ್ದಿ ಕೊಡುವುದು ಸರಿಯೇ? ಅಮೆರಿಕದ ಸ್ಟೀವನ್ ಸ್ಪೀಲ್‌ಬರ್ಗ್ 1982ರಲ್ಲಿ ನಿರ್ದೇಶಿಸಿದ 'ಇ.ಟಿ.' ಚಿತ್ರವನ್ನೇ ನೋಡೋಣ. ಅನ್ಯಗ್ರಹದ ಜೀವಿಯನ್ನು ಸೈಕಲ್ ಬುಟ್ಟಿಯಲ್ಲಿ ಕೂರಿಸಿಕೊಂಡು ಹುಡುಗರು ತಪ್ಪಿಸಿಕೊಳ್ಳುತ್ತಾರೆ. ಅಧಿಕಾರಿಗಳು ಬಂದೂಕು ಹಿಡಿದು ಅಡ್ಡಗಟ್ಟುತ್ತಾರೆ. ಇನ್ನೇನು ಸಿಕ್ಕಿಬಿದ್ದರು ಎನ್ನುವಾಗ ಸೈಕಲ್‌ಗಳು ಆಕಾಶಕ್ಕೇರುತ್ತವೆ.

2002ರಲ್ಲಿ ಚಿತ್ರಕ್ಕೆ 20 ವರ್ಷ ತುಂಬಿತು. ಮಕ್ಕಳೆದುರು ಬಂದೂಕು ಸಲ್ಲದೆಂದು ಸ್ಪೀಲ್‌ಬರ್ಗ್ ಅವನ್ನು ಕಂಪ್ಯೂಟರಿನಿಂದ ಅಳಿಸಿ ವಾಕಿಟಾಕಿಗಳನ್ನು ಇರಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಈ ಹೊಸ ರೂಪ ಡಿವಿಡಿಯಾಗಿ ಮನೆಗಳಿಗೆ ಬಂದಾಗ ಹಲವರಿಗೆ ಹಿಡಿಸಲಿಲ್ಲ. ವಾಕಿಟಾಕಿಗೆ ಹೆದರಿ ಯಾರಾದರೂ ಆಕಾಶಕ್ಕೆ ಹಾರುತ್ತಾರೆಯೇ? ತಾವು ಬಾಲ್ಯದಲ್ಲಿ ಕಂಡದ್ದನ್ನು ಮಕ್ಕಳಿಗೂ ತೋರಿಸಬಯಸಿದವರಿಗೆ ಅದು ಬೇರೆಯದೇ ಚಿತ್ರವೆನಿಸಿತು. 2011ರಲ್ಲಿ ಸ್ಪೀಲ್‌ಬರ್ಗರೇ ವಿಷಾದ ವ್ಯಕ್ತಪಡಿಸಿದರು. 2012ರ ಬ್ಲೂ-ರೇ ಡಿಸ್ಕಿನಲ್ಲಿ ಮೂಲ ಚಿತ್ರವೇ ಮರಳಿತು.

ಮನೆಯಲ್ಲಿ ಈ ಚಿತ್ರ ಹಾಕಿದಾಗ ಆ ದೃಶ್ಯದಲ್ಲಿ ಒಮ್ಮೆ ನಿಲ್ಲಿಸಿ ಕೇಳಿರಿ: ಹುಡುಗರನ್ನು ತಡೆಯಲು ದೊಡ್ಡವರಿಗೆ ಬಂದೂಕು ಏಕೆ ಬೇಕಾಯಿತು? ತಿದ್ದಿದ ಪ್ರತಿಯನ್ನು ನೋಡುವ ಮಗುವಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.