ಭೂಮಿ ಹುಣ್ಣಿಮೆಯ ಅಡುಗೆ

ಭಾದ್ರಪದದ ಮಳೆ ಹಿಂದೆಗೆಯುತ್ತಿದ್ದಂತೆ ಮಲೆನಾಡಿನ ಚಹರೆಯೇ ಬದಲಾಗುತ್ತದೆ. ಮೂರು ತಿಂಗಳ ಕಾಲ ಮಾಡಿನ ಅಂಚಿನಿಂದ ಇಳಿಬಿದ್ದಿದ್ದ ನೀರಿನ ತೆರೆ ಸರಿದು ಅಂಗಳಕ್ಕೆ ಮತ್ತೆ ಬಿಸಿಲು ಬರುತ್ತದೆ. ಇರಚಲು ತಡೆಯಲೆಂದು ಜಗಲಿಗೆ ಕಟ್ಟಿದ್ದ ಅಡಕೆ ಸೋಗೆಯ ತಟ್ಟಿಗಳನ್ನು ಬಿಚ್ಚುತ್ತಾರೆ. ಕಂಬಳಿಗಳು ಬೇಲಿಯ ಮೇಲೆ ಒಣಗುತ್ತವೆ. ಆಕಾಶ ತೊಳೆದಿಟ್ಟಂತೆ ತಿಳಿಯಾಗುತ್ತದೆ. ಹಳ್ಳದ ಕೆಂಪು ನೀರು ತನ್ನ ಮಣ್ಣನ್ನೆಲ್ಲ ಕೆಳಗಿಳಿಸಿ ತಳದ ಕಲ್ಲು ಕಾಣುವಷ್ಟು ನಿರ್ಮಲವಾಗುತ್ತದೆ. ಗದ್ದೆಯಲ್ಲಿ ಬತ್ತದ ಪೈರು ಹೊಡೆ ತುಂಬಿಕೊಂಡು ನಿಂತಿರುತ್ತದೆ. ಆಶ್ವಯುಜ, ಕಾರ್ತಿಕಗಳೆಂಬ ಈ ಎರಡು ಮಾಸಗಳ ಕಾಲವೇ ಶರದೃತು.

ಹೊರಗಿನ ಈ ಬದಲಾವಣೆಯು ಮನೆಯೊಳಗೆ ಮೊದಲು ಕಾಣುವುದು ಅಡುಗೆಮನೆಯಲ್ಲಿ. ಆಗುಂಬೆಯಂತಹ ಕಡೆಗಳಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಬಿಡುತ್ತದೆ. ಅಂತಹ ಮಳೆಯಲ್ಲಿ ಸಂತೆಗೆ ಹೋಗಿಬರುವುದು ಹಿಂದೆ ಸುಲಭದ ಮಾತಾಗಿರಲಿಲ್ಲ. ಹಿತ್ತಿಲಿನ ಕಾಯಿಪಲ್ಲೆಯೂ ಎಡೆಬಿಡದ ಮಳೆಗೆ ಕೊಳೆಯುತ್ತಿತ್ತು. ಆದ್ದರಿಂದ ಬೇಸಗೆಯಲ್ಲಿಯೇ ಕೂಡಿಟ್ಟುಕೊಂಡ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಹುರುಳಿ, ಇವೇ ಮಳೆಗಾಲದ ಆಧಾರ. ಇವುಗಳ ರುಚಿಯನ್ನು ಅಲ್ಲಗಳೆಯುವವರಿಲ್ಲ. ಆದರೆ ಉಪ್ಪು, ಖಾರ, ಹುಳಿಗಳಲ್ಲಿಯೇ ನೂರು ದಿನ ಕಳೆದ ನಾಲಗೆಗೆ ಹೀರೆಯ ಎಳೆಯ ಕಾಯಿ, ಸೌತೆಯ ಹೋಳು, ಹರಿವೆಯ ದಂಟು ದೊರೆತಾಗ ಆಗುವ ಸಂತೋಷವನ್ನು ಮಲೆನಾಡಿನವರೇ ಬಲ್ಲರು.

ಶರತ್ಕಾಲದ ಆಹಾರವನ್ನು ಕುರಿತು ನಮ್ಮ ಪ್ರಾಚೀನ ವೈದ್ಯರೂ ಆಲೋಚಿಸಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯದಲ್ಲಿ ಋತುಗಳಿಗೆ ತಕ್ಕ ನಡವಳಿಕೆಯ ವಿವರಣೆಯಿದೆ. ಮಳೆಯ ತಂಪಿಗೆ ಒಗ್ಗಿಕೊಂಡ ದೇಹವು ಒಮ್ಮೆಲೇ ಶರತ್ತಿನ ಬಿಸಿಲಿಗೆ ಸಿಕ್ಕಿದಾಗ ಪಿತ್ತವು ಕೆರಳುತ್ತದೆ ಎಂಬುದು ಅದರ ಅಭಿಪ್ರಾಯ. ಆದಕಾರಣ ಸಿಹಿಯಾದ, ಹಗುರವಾದ, ತಂಪಾದ, ತುಸು ಕಹಿ ಬೆರೆತ ಆಹಾರವನ್ನು ಚೆನ್ನಾಗಿ ಹಸಿದಾಗ ಮಾತ್ರ, ಮಿತವರಿತು ಸೇವಿಸಬೇಕೆಂದು ಅದು ಹೇಳುತ್ತದೆ. ಪಿತ್ತವೆಂಬ ಮಾತನ್ನು ಇಂದಿನ ವೈದ್ಯಶಾಸ್ತ್ರವು ಆ ಅರ್ಥದಲ್ಲಿ ಬಳಸುವುದಿಲ್ಲ. ಆದರೂ ಹಸಿದಾಗ ಉಣ್ಣು, ಮಿತವಾಗಿ ಉಣ್ಣು ಎಂಬ ಮಾತಿಗೆ ಯಾವ ಕಾಲದ ವೈದ್ಯನೂ ತಕರಾರು ತೆಗೆಯಲಾರನು.

ಗ್ರಂಥವನ್ನು ಓದಿರದ ರೈತನ ಮನೆಯಲ್ಲಿ ಈ ಋತುವಿನ ಅಡುಗೆಗೆ ಕಳಶವಿಟ್ಟಂತೆ ಬರುವುದು ಆಶ್ವಯುಜ ಶುದ್ಧ ಪೂರ್ಣಿಮೆ. ವಿಜಯದಶಮಿ ಕಳೆದ ಐದನೆಯ ದಿನಕ್ಕೆ ಬರುವ ಈ ಹಬ್ಬವನ್ನು ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರಗಳ ಕಡೆ, ಉತ್ತರ ಕನ್ನಡದ ಸಿರ್ಸಿ, ಸಿದ್ದಾಪುರಗಳ ಕಡೆ ಭೂಮಿ ಹುಣ್ಣಿಮೆಯೆಂದು ಕರೆಯುತ್ತಾರೆ. ಹೊಡೆ ತುಂಬಿದ ಪೈರನ್ನು ಹೊತ್ತ ಗದ್ದೆಯು ಇವರ ಕಣ್ಣಿಗೆ ಬರಿಯ ನೆಲವಲ್ಲ, ಅದು ಬಸುರಿ. ಮನೆಯ ಮಗಳು ಬಸುರಿಯಾದಾಗ ಅವಳ ಬಯಕೆಯನ್ನು ಕೇಳಿ, ಬಗೆಬಗೆಯ ಅಡುಗೆ ಮಾಡಿ, ಮಡಿಲು ತುಂಬುವುದಿಲ್ಲವೆ? ಹಾಗೆಯೇ ಭೂಮಿಗೂ ಬಯಕೆಯ ಊಟವನ್ನು ಬಡಿಸಬೇಕೆಂಬುದು ಈ ಹಬ್ಬದ ತಿರುಳು. ಕೆಲವೆಡೆ ಹೆಣ್ಣುಮಕ್ಕಳು ತಮ್ಮ ಕೊರಳಿನ ಸರವನ್ನು ತೆಗೆದು ಪೈರಿನ ಬುಡಕ್ಕೆ ತೊಡಿಸಿ ಪೂಜಿಸುವುದೂ ಉಂಟು.

ಹಬ್ಬದ ಸಿದ್ಧತೆಯು ವಾರಕ್ಕೆ ಮೊದಲೇ ಆರಂಭವಾಗುತ್ತದೆ. ಬಿದಿರಿನ ಬುಟ್ಟಿಗಳನ್ನು ತೆಗೆದು ಸೆಗಣಿಯಿಂದ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿಯುತ್ತಾರೆ. ಅಕ್ಕಿಯನ್ನು ನೆನೆಹಾಕಿ ಅರೆದ ಬಿಳಿಯ ಹಿಟ್ಟಿನಲ್ಲಿ ಪುಂಡಿನಾರಿನ ಕುಂಚವನ್ನು ಅದ್ದಿ ಅದರ ಮೇಲೆ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ಬತ್ತದ ಸಸಿ, ತೆನೆ, ಏಣಿ, ಎತ್ತು, ಜೋಡಿ ಗೆರೆಗಳು ಹೀಗೆ ರೈತನ ಬಾಳೆಲ್ಲ ಆ ಬುಟ್ಟಿಯ ಸುತ್ತ ಮೂಡುತ್ತದೆ. ಇದೇ ಭೂಮಣ್ಣಿ ಬುಟ್ಟಿ. ದೀವರ ಮನೆಗಳ ಹೆಂಗಸರು ಈ ಕಲೆಯಲ್ಲಿ ಎತ್ತಿದ ಕೈ. ಮದುವೆಯ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವ ಕೈಯೇ ಗದ್ದೆಗೆ ಒಯ್ಯುವ ಬುತ್ತಿಯ ಬುಟ್ಟಿಗೂ ಚಿತ್ತಾರ ಬರೆಯುತ್ತದೆ. ಅನ್ನಕ್ಕೆ ಇಷ್ಟು ಗೌರವವನ್ನು ತೋರಿದ ಜನಪದವನ್ನು ಬಡವರ ಜನಪದವೆನ್ನಲು ಮನಸ್ಸು ಬಾರದು.

ಹುಣ್ಣಿಮೆಯ ಹಿಂದಿನ ದಿನದ ಮುಖ್ಯ ಕೆಲಸ ಸೊಪ್ಪು ಕೂಡಿಸುವುದು. ಅಜ್ಜಿ ಮುಂದೆ, ಮೊಮ್ಮಕ್ಕಳು ಹಿಂದೆ. ಗದ್ದೆಯ ಬದುವಿನಲ್ಲಿ ಹೊನಗೊನೆ ಮತ್ತು ಒಂದೆಲಗ, ಹಿತ್ತಿಲಿನಲ್ಲಿ ಹರಿವೆ, ಬಸಳೆ, ದೊಡ್ಡಪತ್ರೆ, ನುಗ್ಗೆ, ನೀರು ಹರಿಯುವ ಕಡೆ ಕೆಸು, ಬೇಲಿಯ ಮೇಲೆ ಹೀರೆ, ಕುಂಬಳ, ಸೌತೆಗಳ ಕುಡಿ. ನೂರೊಂದು ಬಗೆಯ ಕುಡಿ ಸೇರಬೇಕೆಂಬುದು ವಾಡಿಕೆಯ ಮಾತು. ಎಲ್ಲ ಮನೆಯಲ್ಲಿಯೂ ನೂರೊಂದು ಸೇರುತ್ತಿತ್ತೆಂದು ನಂಬಬೇಕಾಗಿಲ್ಲ. ಆದರೆ ಆ ಲೆಕ್ಕವನ್ನು ತುಂಬಿಸುವ ಹಟದಲ್ಲಿ ಮಕ್ಕಳು ಒಂದೇ ದಿನದಲ್ಲಿ ಮೂವತ್ತು ನಲವತ್ತು ಗಿಡಗಳ ಹೆಸರು ಕಲಿಯುತ್ತಿದ್ದರು. "ಬೇರು ಕೀಳಬೇಡವೋ ಮಗಾ, ಕುಡಿ ಮಾತ್ರ ಚಿವುಟು, ಮುಂದಿನ ವರ್ಷಕ್ಕೂ ಅದು ಬೇಕಲ್ಲ" ಎಂದು ಅಜ್ಜಿ ಎಚ್ಚರಿಸುತ್ತಿದ್ದಳು. ಯಾವುದು ತಿನ್ನುವ ಕೆಸು, ಯಾವುದು ತಿನ್ನಬಾರದ ಕೆಸು ಎಂಬುದನ್ನು ತೊಟ್ಟಿನ ಬಣ್ಣ ನೋಡಿಯೇ ಹೇಳಬಲ್ಲ ವಿದ್ಯೆ ಅವಳದು. ಅದು ಬರೆದಿಟ್ಟ ವಿದ್ಯೆಯಲ್ಲ. ಕೈಯಿಂದ ಕೈಗೆ ಬಂದದ್ದು.

ಅಂದಿನ ರಾತ್ರಿ ಅಡುಗೆಮನೆಯ ಒಲೆ ಆರುವುದಿಲ್ಲ. ಗಂಡನ ಮನೆಯಿಂದ ಬಂದ ಮಗಳು, ಸೊಸೆ, ಅತ್ತೆ, ಓರಗಿತ್ತಿಯರೆಲ್ಲ ಒಟ್ಟಿಗೆ ಕುಳಿತು ಹೆಚ್ಚುವುದು, ಅರೆಯುವುದು, ಬೇಯಿಸುವುದು ನಡೆಯುತ್ತದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನೂ ರಾತ್ರಿಯ ಬಸ್ಸಿಗೆ ಬಂದಿಳಿದು, ಕಾಯಿ ತುರಿಯಲು ಕೂರುತ್ತಾನೆ. ಸೌತೆಕಾಯಿ ತುರಿದು ಹಾಕಿದ ಕಡುಬು ಎಲೆಯಲ್ಲಿ ಹಬೆಗೆ ಬೇಯುತ್ತದೆ. ಪಾಯಸ, ಪಲ್ಯ, ಬುತ್ತಿಯನ್ನಗಳು ಸಿದ್ಧವಾಗುತ್ತವೆ. ಕೂಡಿಸಿ ತಂದ ಸೊಪ್ಪುಗಳನ್ನೆಲ್ಲ ಅಮಟೆಕಾಯಿ, ಹೀರೆಕಾಯಿಗಳೊಡನೆ ಒಂದೇ ಪಾತ್ರೆಯಲ್ಲಿ ಬೇಯಿಸಿ ಅನ್ನದೊಡನೆ ಕಲಸುತ್ತಾರೆ. ಗದ್ದೆಗೆ ಬೀರುವ ಹಚ್ಚಂಬಲಿ ಇದೇ.

ಈ ಬೆರಕೆಯ ಅಡುಗೆಯನ್ನು ಕೇವಲ ಸಂಪ್ರದಾಯವೆಂದು ತಳ್ಳಿಹಾಕುವಂತಿಲ್ಲ. ಕೆಸುವಿನ ಸೊಪ್ಪಿನಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿರುತ್ತವೆ. ನಾಲಗೆ, ಗಂಟಲು ತುರಿಸುವುದು ಇವುಗಳಿಂದಲೇ. ಚೆನ್ನಾಗಿ ಬೇಯಿಸಿ ಹುಳಿ ಕೂಡಿಸಿದರೆ ಆ ತುರಿಕೆ ತಗ್ಗುತ್ತದೆ. ಹುಣಸೆಯೋ ಅಮಟೆಯೋ ಇಲ್ಲದೆ ಕೆಸುವಿನ ಅಡುಗೆಯನ್ನು ಮಲೆನಾಡಿನ ಹೆಂಗಸರು ಮಾಡದಿರುವುದಕ್ಕೆ ಕಾರಣವಿದು. ಸೊಪ್ಪುಗಳಲ್ಲಿ ಕಬ್ಬಿಣದ ಅಂಶವಿರುವುದು ನಿಜ. ಆದರೆ ಸಸ್ಯಗಳಲ್ಲಿನ ಕಬ್ಬಿಣವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಊಟದಲ್ಲಿ ಸಿ ಜೀವಸತ್ವವಿರುವ ಹುಳಿಹಣ್ಣುಗಳು ಸೇರಿದ್ದರೆ ಅದು ಹೆಚ್ಚು ದಕ್ಕುತ್ತದೆ. ಈ ಜೀವಸತ್ವವು ಬಿಸಿಗೆ ಬಹುಮಟ್ಟಿಗೆ ನಾಶವಾಗುವುದರಿಂದ, ಪಲ್ಯವನ್ನು ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡುವ ನಮ್ಮ ರೂಢಿ ತುಂಬ ಒಳ್ಳೆಯದು. ಹಾಗೆಯೇ ಸೊಪ್ಪಿನಲ್ಲಿ ದೊರೆಯುವ ಎ ಜೀವಸತ್ವದ ಮೂಲದ್ರವ್ಯವು ಮೈಗೆ ಹತ್ತಲು ತುಸು ಜಿಡ್ಡು ಬೇಕು. ಒಗ್ಗರಣೆಯ ಎಣ್ಣೆ, ಮೇಲೆ ಉದುರಿಸಿದ ಕಾಯಿತುರಿ ಆ ಕೆಲಸವನ್ನು ಮಾಡುತ್ತವೆ.

ಅನ್ನದ ವಿಷಯದಲ್ಲಿಯೂ ಹಳೆಯ ಅಡುಗೆಮನೆಯು ಕಳೆದುಕೊಂಡದ್ದು ಕಡಮೆಯಲ್ಲ. ಒನಕೆಯಲ್ಲಿ ಕುಟ್ಟಿದ ಅಕ್ಕಿಗೆ ಕೆಂಪು ತೌಡಿನ ಪೊರೆ ಅಷ್ಟಿಷ್ಟು ಅಂಟಿಕೊಂಡಿರುತ್ತಿತ್ತು. ಗಿರಣಿಗಳು ಅಕ್ಕಿಯನ್ನು ಮಲ್ಲಿಗೆಯಂತೆ ಬೆಳ್ಳಗೆ ಮಾಡಿದಾಗ ಆ ಪೊರೆಯೊಂದಿಗೆ ಬಿ1 ಜೀವಸತ್ವವೂ ಹೋಯಿತು. ಅದು ಇಲ್ಲದ್ದರಿಂದ ಬೆರಿಬೆರಿ ಎಂಬ ರೋಗ ಬಂದಿತು. ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್ ಪಾಲಿಶ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನು 1890ರ ದಶಕದಲ್ಲಿ ಗಮನಿಸಿದನು. ಆ ಶೋಧನೆಗಾಗಿ ಅವನಿಗೆ 1929ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯೂ 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿಯ ವಿಚಾರಣೆಗೆಂದೇ ಒಂದು ಸಣ್ಣ ಕೋಣೆಯಲ್ಲಿ ಹುಟ್ಟಿಕೊಂಡದ್ದು. ಬತ್ತವನ್ನು ಹೊಟ್ಟಿನೊಡನೆಯೇ ಬೇಯಿಸಿ ಒಣಗಿಸಿದ ಕುಚ್ಚಲಕ್ಕಿಯಲ್ಲಿ ಈ ಸತ್ವವು ಕಾಳಿನ ಒಳಕ್ಕೆ ಇಳಿಯುವುದರಿಂದ ಗಿರಣಿಗೆ ಹಾಕಿದರೂ ಬಹುಪಾಲು ಉಳಿಯುತ್ತದೆ.

ಇಷ್ಟೆಲ್ಲ ಸೊಪ್ಪು ಬೆಳೆಯುವ ನಾಡಿನಲ್ಲಿ ರಕ್ತಹೀನತೆ ಇರಬಾರದಾಗಿತ್ತು. ಆದರೆ 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಬಸುರಿಯರಲ್ಲಿಯೂ ನೂರಕ್ಕೆ 52 ಮಂದಿ ಈ ಪೈಕಿಗೆ ಸೇರಿದವರು. ಬಸುರಿ ಭೂಮಿಗೆ ನೂರೊಂದು ಕುಡಿಯ ಊಟವನ್ನು ಬಡಿಸುವ ದೇಶದಲ್ಲಿ ಬಸುರಿ ಹೆಂಗಸಿನ ತಟ್ಟೆ ಹೀಗೆ ಬರಿದಾಗಿರುವುದು ನಾಚಿಕೆಯ ಸಂಗತಿ. ರಕ್ತಹೀನತೆಗೆ ಜಂತುಹುಳು, ಮಲೇರಿಯಾ, ಹತ್ತಿರ ಹತ್ತಿರದ ಹೆರಿಗೆ ಮುಂತಾದ ಬೇರೆ ಕಾರಣಗಳೂ ಇವೆ. ಸೊಪ್ಪೊಂದೇ ಅದಕ್ಕೆ ಮದ್ದಲ್ಲ. ಬಸುರಿಯರು ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಗಳನ್ನು ತಪ್ಪದೆ ನುಂಗಲೇಬೇಕು. ಆದರೂ ಅಡುಗೆಮನೆಯ ಒಂದು ಹಳೆಯ ಪದ್ಧತಿಯನ್ನು ಇಲ್ಲಿ ಮರೆಮಾಚುವಂತಿಲ್ಲ. ಬೇಯಿಸಿದವಳು ಕಟ್ಟಕಡೆಯಲ್ಲಿ ಉಣ್ಣುತ್ತಿದ್ದಳು. ಗಂಡಸರೂ ಮಕ್ಕಳೂ ಉಂಡೆದ್ದ ಮೇಲೆ ಪಾತ್ರೆಯ ತಳದಲ್ಲಿ ಪಲ್ಯ ಉಳಿದಿದ್ದರೆ ಅವಳಿಗೆ ಉಂಟು, ಇಲ್ಲದಿದ್ದರೆ ಉಪ್ಪಿನಕಾಯಿ ಮಜ್ಜಿಗೆ. ಹಳೆಯ ಕಾಲದ ಊಟವನ್ನು ಹೊಗಳುವವರು ಈ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಮತ್ತೊಂದು ನಷ್ಟ ಸದ್ದಿಲ್ಲದೆ ಆಗುತ್ತಿದೆ. ಕಳೆನಾಶಕವನ್ನು ಸಿಂಪಡಿಸಿದ ಬದುವಿನಲ್ಲಿ ಒಂದೆಲಗವಾಗಲಿ ಹೊನಗೊನೆಯಾಗಲಿ ಏಳುವುದಿಲ್ಲ. ಬೇಲಿಯ ಜಾಗದಲ್ಲಿ ತಂತಿ ಬಂದಿದೆ. ತಂತಿಗೆ ಹೀರೆಯ ಬಳ್ಳಿ ಹಬ್ಬಿಸುವವರು ಕಡಮೆ. ಪೇಟೆಯಲ್ಲಿ ಸೊಪ್ಪೆಂದರೆ ಪಾಲಕ್, ಮೆಂತ್ಯ, ಕೊತ್ತಂಬರಿ, ದಂಟು ಹೀಗೆ ನಾಲ್ಕೈದು ಕಟ್ಟುಗಳಲ್ಲಿ ಲೆಕ್ಕ ಮುಗಿಯುತ್ತದೆ. ಹಬ್ಬಕ್ಕೆ ಊರಿಗೆ ಬಂದ ಮಗುವಿಗೆ ಉಳಿದವುಗಳ ಹೆಸರನ್ನು ಹೇಳಿಕೊಡುವ ಅಜ್ಜಿ ಇನ್ನೂ ಎಷ್ಟೋ ಮನೆಗಳಲ್ಲಿದ್ದಾಳೆ. ಆದರೆ ಮಗು ಇರುವುದು ಎರಡೇ ದಿನ.

ಇದೇ ಹುಣ್ಣಿಮೆಯನ್ನು ಬಯಲುಸೀಮೆಯ ಉತ್ತರ ಭಾಗದಲ್ಲಿ ಶೀಗಿ ಹುಣ್ಣಿಮೆಯೆನ್ನುತ್ತಾರೆ. ಧಾರವಾಡ, ವಿಜಯಪುರ, ಬಾಗಲಕೋಟೆಗಳ ಕಡೆ ಗಾಡಿ ಕಟ್ಟಿಕೊಂಡು, ಈಚೆಗೆ ಟ್ರ್ಯಾಕ್ಟರು ಹತ್ತಿಕೊಂಡು, ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲಿ, ಬಳಿಕ ಬುತ್ತಿ ಬಿಚ್ಚುತ್ತಾರೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಯೆ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ, ಮೊಸರು. ವಿಶ್ವಸಂಸ್ಥೆಯು ಭಾರತದ ಸೂಚನೆಯಂತೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಪಟ್ಟಣಗಳ ಅಂಗಡಿಗಳಲ್ಲಿ ಸಜ್ಜೆ, ರಾಗಿಗಳಿಗೆ ಬಣ್ಣದ ಚೀಲಗಳು ಬಂದವು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಗಿಲಾಗಿ ಸುಣ್ಣದ ಸತ್ವವಿದೆಯೆಂಬುದು ಆಗ ಅನೇಕರಿಗೆ ಹೊಸ ಸುದ್ದಿಯಾಯಿತು. ಶೀಗಿ ಹುಣ್ಣಿಮೆಯ ಬುತ್ತಿಗೆ ಸಜ್ಜೆಯು ಎಂದೂ ಹೊಸದಾಗಿರಲಿಲ್ಲ.

ಮಲೆನಾಡಿನಲ್ಲಿ ಗದ್ದೆಗೆ ಹೊರಡುವುದು ನಸುಕಿನಲ್ಲಿ. ಕೋಳಿ ಕೂಗುವ ಮೊದಲೇ ಯಜಮಾನನು ಸಣ್ಣ ಬುಟ್ಟಿಯಲ್ಲಿ ಹಚ್ಚಂಬಲಿಯನ್ನು ತುಂಬಿಕೊಂಡು, ಬೆಳಕು ಹಿಡಿದು, ಗದ್ದೆ ತೋಟಗಳ ಮೂಲೆ ಮೂಲೆಗೂ ಅದನ್ನು ಬೀರುತ್ತ ಭೂಮಿತಾಯಿಯನ್ನು ಊಟಕ್ಕೆ ಕೂಗಿ ಕರೆಯುತ್ತಾನೆ. ಒಬ್ಬನ ಕೂಗಿಗೆ ಆಚೆಯ ಬಯಲಿನಿಂದ ಇನ್ನೊಬ್ಬನ ಕೂಗು ಕೇಳುತ್ತದೆ. ಬೆಳಗಾದ ಮೇಲೆ ಚಿತ್ತಾರದ ದೊಡ್ಡ ಬುಟ್ಟಿಯನ್ನು ಹೊತ್ತು ಉಳಿದವರು ಬರುತ್ತಾರೆ. ಪೈರಿಗೆ ಪೂಜೆ ಸಲ್ಲುತ್ತದೆ, ಕಾಗೆಗೆ ಎಡೆ ಇಡುತ್ತಾರೆ. ಕೆಲವು ಕಡೆ ಒಂದು ಕಡುಬನ್ನು ಗದ್ದೆಯ ಮಣ್ಣಿನಲ್ಲಿ ಹೂಳುತ್ತಾರೆ. ಕೊಯ್ಲಿನ ದಿನದವರೆಗೆ ಅದು ಅಲ್ಲಿಯೇ ಇರಬೇಕು.

ಆಮೇಲೆ ಬದುವಿನ ಉದ್ದಕ್ಕೂ ಬಾಳೆ ಎಲೆ ಹಾಸುತ್ತಾರೆ. ಬದುವಿನ ಮೇಲೆ ಒಳಮನೆ ಹೊರಮನೆಗಳೆಂಬುದಿಲ್ಲ, ಹಿಂದಿನ ಪಂಕ್ತಿ ಮುಂದಿನ ಪಂಕ್ತಿಯೆಂಬುದೂ ಇಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ಬೇಯಿಸಿದವರೂ, ತಿನ್ನಲೆಂದು ಬಸ್ಸಿನಲ್ಲಿ ಬಂದವರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಈ ಸಲ ಮಗನೇ ಬಡಿಸಲು ಎದ್ದರೆ, ಕಡುಬಿನ ಮೊದಲ ಹೋಳು ತಾಯಿಯ ಎಲೆಗೆ ಬೀಳುವುದೂ ಉಂಟು. "ನನಗೆ ಆಮೇಲೆ ಹಾಕೋ" ಎಂದು ಅವಳು ಕೈ ಅಡ್ಡ ಹಿಡಿಯುತ್ತಾಳೆ. ಅವನು ಆ ಕೈಯನ್ನು ಸರಿಸಿ, ಸೊಪ್ಪಿನ ಪಲ್ಯವನ್ನೂ ಬಡಿಸಿ ಮುಂದಕ್ಕೆ ಹೋಗುತ್ತಾನೆ.