ಹೆಸರು ಚಂದ್ರನದು, ಒಳಗೆ ಸೋನಿ: ಹ್ಯಾಸಲ್‌ಬ್ಲಾಡ್ ಲೂನಾರ್ ಕಥೆ

ಮೊನ್ನೆ ವಕ್ಕಲೇರಿಯಲ್ಲಿ ನೆಂಟರ ಮದುವೆ. ಊಟದ ಪಂಕ್ತಿಗೆ ಕಾಯ್ತಾ ನಿಂತಿದ್ದೆ. ಫೋಟೊ ತೆಗೆಯೋಕೆ ಬಂದಿದ್ದ ಅಣ್ಣ ನನ್ನ ಫೋನಿನ ಹಿಂಭಾಗವನ್ನೇ ನೋಡ್ತಾ ಹತ್ತಿರ ಬಂದರು.

“ಏನಪ್ಪಾ, ಇದು ಹ್ಯಾಸಲ್‌ಬ್ಲಾಡಾ?”

“ಹೂಂ ಅಣ್ಣಾ, ಕ್ಯಾಮೆರಾ ಅವರದ್ದಂತೆ.”

“ಅಂತೆ ಬಿಡು. ಇದರಲ್ಲಿ ಅವರದ್ದು ಏನಿದೆ, ಅದನ್ನ ಹೇಳು ನೋಡೋಣ.”

ನನಗೆ ಗೊತ್ತಿರಲಿಲ್ಲ. ಕೊನೆ ಸೆಮಿಸ್ಟರ್ ಪ್ರಾಜೆಕ್ಟ್ ವೈವಾ ನೆನಪಾಯ್ತು. ಬೋರ್ಡು ಎಸ್‌ಪಿ ರೋಡಿಂದ ತಂದಿದ್ದೀಯ, ಕೋಡು ನೆಟ್‌ನಿಂದ ಇಳಿಸಿದ್ದೀಯ, ಆಯ್ತು, ಇದರಲ್ಲಿ ನಿನ್ನದು ಏನು ಅಂತ ಎಕ್ಸ್‌ಟರ್ನಲ್ ಕೇಳ್ತಾರಲ್ಲ, ಅದೇ ಪ್ರಶ್ನೆ. ರೂಮಿಗೆ ಬಂದು ಓದುತ್ತಾ ಹೋದೆ. ಈ ಪ್ರಶ್ನೆಗೆ ಉತ್ತರ ಇಲ್ಲದೆ ಹ್ಯಾಸಲ್‌ಬ್ಲಾಡ್ ಕಂಪನಿಯೇ ಒಂದು ಸಲ ತಲೆ ತಗ್ಗಿಸಬೇಕಾಗಿ ಬಂದಿತ್ತು ಅಂತ ಆಗ ತಿಳಿಯಿತು. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಯಾವ ಬ್ರಾಂಚಿನವರಿಗಾದರೂ ಇದು ಗೊತ್ತಿರಬೇಕಾದ ಕಥೆ.

ಮೊದಲು ಆ ಹೆಸರಿಗೆ ಬೆಲೆ ಬಂದದ್ದು ಹೇಗೆ ಅಂತ ನೋಡೋಣ. ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ 1841ರಲ್ಲಿ ಶುರುವಾದ ಒಂದು ವ್ಯಾಪಾರಿ ಮನೆತನ ಹ್ಯಾಸಲ್‌ಬ್ಲಾಡ್. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನರ ವಿಮಾನ ಕ್ಯಾಮೆರಾ ಒಂದು ಸ್ವೀಡನ್ ವಾಯುಪಡೆಯ ಕೈಗೆ ಸಿಕ್ಕಿತು. ಇಂಥದ್ದೇ ಒಂದು ಮಾಡಿಕೊಡ್ತೀರಾ ಅಂತ ಆ ಮನೆತನದ ವಿಕ್ಟರ್ ಹ್ಯಾಸಲ್‌ಬ್ಲಾಡ್ ಅವರನ್ನು ಕೇಳಿದರು. ಇಂಥದ್ದಲ್ಲ, ಇದಕ್ಕಿಂತ ಒಳ್ಳೇದು ಮಾಡ್ತೀನಿ ಅಂದರಂತೆ. ಯುದ್ಧ ಮುಗಿದ ಮೇಲೆ, 1948ರಲ್ಲಿ, ಸಾಮಾನ್ಯ ಗ್ರಾಹಕರಿಗೆ 1600ಎಫ್ ಎಂಬ ಕ್ಯಾಮೆರಾ ಹೊರತಂದರು.

ಈ ಸಂಖ್ಯೆಯ ಹಿಂದೆ ಒಂದು ಪಾಠ ಇದೆ. 1600 ಅಂದರೆ ಶಟರ್‌ನ ಅತಿ ಹೆಚ್ಚಿನ ವೇಗ, ಸೆಕೆಂಡಿನ 1600ನೇ ಒಂದು ಭಾಗ. ಫಿಲ್ಮಿನ ಮುಂದೆ ಓಡುವ ಆ ಶಟರ್ ಅಷ್ಟು ವೇಗದಲ್ಲಿ ಭರವಸೆಯಿಂದ ಕೆಲಸ ಮಾಡಲಿಲ್ಲ, ಪದೇ ಪದೇ ಕೆಡುತ್ತಿತ್ತು. ಕಂಪನಿ ಏನು ಮಾಡಿತು? 1952ರಲ್ಲಿ ಮುಂದಿನ ಮಾದರಿಯ ಹೆಸರನ್ನೇ 1000ಎಫ್ ಅಂತ ಇಳಿಸಿತು. ಹೊಸ ಮಾದರಿಗೆ ಹಳೇದಕ್ಕಿಂತ ಚಿಕ್ಕ ಸಂಖ್ಯೆ! ಇವತ್ತಿನ ಯಾವ ಫೋನ್ ಕಂಪನಿ ಹೀಗೆ ಮಾಡೀತು ಹೇಳಿ. 1957ರ 500ಸಿಯಲ್ಲಿ ಇನ್ನೂ ಇಳಿಸಿ 500 ಮಾಡಿದರು. ಆದರೆ ಈ ಸಲ ಶಟರನ್ನು ಬಾಡಿಯಿಂದ ತೆಗೆದು ಲೆನ್ಸಿನ ಒಳಗೇ ಕೂರಿಸಿದ್ದರು. ಹೂವಿನ ದಳದ ಹಾಗೆ ತೆರೆದು ಮುಚ್ಚುವ ಕಂಪೂರ್ ಶಟರ್ ಅದು. ಹೆಸರಿನ ‘ಸಿ’ ಬಂದದ್ದು ಅದರಿಂದ. ವೇಗ ಕಮ್ಮಿಯಾದರೂ ಯಾವ ವೇಗದಲ್ಲಿ ಬೇಕಾದರೂ ಫ್ಲಾಶ್ ಬಳಸಬಹುದಿತ್ತು. ಸ್ಟುಡಿಯೊದವರಿಗೆ ಬೇಕಾದದ್ದೇ ಅದು. ಲೆನ್ಸ್ ಬೇರೆ, ಬಾಡಿ ಬೇರೆ, ಫಿಲ್ಮ್ ಪೆಟ್ಟಿಗೆ ಬೇರೆ, ಮೇಲಿನ ವ್ಯೂಫೈಂಡರ್ ಬೇರೆ. ಒಂದು ಕೆಟ್ಟರೆ ಅದನ್ನಷ್ಟೇ ಬದಲಾಯಿಸಿದರೆ ಸಾಕು. ನಾವು ಮಾಡ್ಯುಲರ್ ಡಿಸೈನ್ ಅಂತ ಪರೀಕ್ಷೆಯಲ್ಲಿ ಬರೆದು ಬರ್ತೀವಲ್ಲ, ಅದು ಇಲ್ಲಿ ಕೈಯಲ್ಲಿ ಹಿಡಿದು ನೋಡುವ ವಸ್ತುವಾಗಿತ್ತು.

1962ರಲ್ಲಿ ಗಗನಯಾತ್ರಿ ವಾಲಿ ಶಿರಾ ಹ್ಯೂಸ್ಟನ್ನಿನ ಅಂಗಡಿಯೊಂದರಲ್ಲಿ 500ಸಿ ಕೊಂಡರು. ನಾಸಾದ ಎಂಜಿನಿಯರುಗಳು ಅದರ ಮೇಲಿನ ಚರ್ಮದ ಹೊದಿಕೆ ಕಿತ್ತುಹಾಕಿ, ಹೊಳಪು ಪ್ರತಿಫಲಿಸಬಾರದು ಅಂತ ಕಪ್ಪು ಬಣ್ಣ ಬಳಿದು ಬಾಹ್ಯಾಕಾಶಕ್ಕೆ ಕಳಿಸಿದರು. ಈ ಚರ್ಮ ಕಿತ್ತ ಸಂಗತಿ ನೆನಪಿಡಿ, ಮುಂದೆ ಬೇಕಾಗುತ್ತೆ. 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಇಳಿದಾಗ ಅಲ್ಲಿ ಓಡಾಡಿದ್ದು 500ಇಎಲ್‌ನ ವಿಶೇಷ ಮಾದರಿ. ಬಿಸಿಲಿಗೆ ಕಾಯದಿರಲಿ ಅಂತ ಅದಕ್ಕೆ ಬೆಳ್ಳಿ ಬಣ್ಣ. ಫಿಲ್ಮಿನ ಮುಂದೆ ಸಣ್ಣ ಸಣ್ಣ ಕೂಡುಗುರುತುಗಳ ಗಾಜಿನ ಫಲಕ, ಆಮೇಲೆ ಫೋಟೊದಲ್ಲಿ ದೂರ ಅಳೆಯೋಕೆ. ಚಂದ್ರನ ಫೋಟೊಗಳಲ್ಲಿ ಕಾಣುವ ಪ್ಲಸ್ ಗುರುತುಗಳು ಅವೇ. ವಾಪಸ್ ಬರುವಾಗ ಫಿಲ್ಮ್ ಪೆಟ್ಟಿಗೆ ಮಾತ್ರ ತಂದು ಕ್ಯಾಮೆರಾ ಬಾಡಿಗಳನ್ನು ಅಲ್ಲೇ ಬಿಟ್ಟು ಬಂದರು. ಆ ತೂಕದಷ್ಟು ಕಲ್ಲು ತರಬಹುದಲ್ಲ! ಬಿಟ್ಟು ಬಂದರೂ ಹೆಸರು ಮಾತ್ರ ಇನ್ನೂ ಎತ್ತರಕ್ಕೆ ಹೋಯಿತು.

ಇನ್ನು ವೇಗವಾಗಿ ಮುಂದೆ ಹೋಗೋಣ. ವಿಕ್ಟರ್ 1976ರಲ್ಲಿ ಕಂಪನಿ ಮಾರಿದರು, 1978ರಲ್ಲಿ ತೀರಿಕೊಂಡರು. ಕಂಪನಿ ಕೈ ಬದಲಾಗುತ್ತಾ ಹೋಯಿತು. ಡಿಜಿಟಲ್ ಬಂತು. 2011ರಲ್ಲಿ ವೆಂಟಿಜ್ ಎಂಬ ಹೂಡಿಕೆ ಸಂಸ್ಥೆ ಕೊಂಡುಕೊಂಡಿತು. ಮರುವರ್ಷ ನಿಕಾನ್ 36 ಮೆಗಾಪಿಕ್ಸೆಲ್‌ನ ಡಿ800 ತಂದಾಗ, ದೊಡ್ಡ ಸೆನ್ಸರಿನ ದುಬಾರಿ ಕ್ಯಾಮೆರಾ ಯಾಕೆ ಬೇಕು ಅಂತ ಸ್ಟುಡಿಯೊದವರೇ ಕೇಳುವ ಕಾಲ ಬಂತು. ಹೊಸ ಕ್ಯಾಮೆರಾ ಸಂಶೋಧನೆಗೆ ಬಹಳ ಹಣ ಬೇಕು, ಬಹಳ ವರ್ಷ ಬೇಕು. ಹೂಡಿಕೆ ಮಾಡಿದವರಿಗೆ ಲಾಭ ಬೇಗ ಬೇಕು.

ಆಗ ಹೊಳೆದ ಉಪಾಯವೇ ಲೂನಾರ್. 2012ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಫೋಟೊಕಿನಾ ಮೇಳದಲ್ಲಿ ಅದನ್ನು ತೋರಿಸಿದರು. ಲೂನಾರ್ ಅಂದರೆ ಚಂದ್ರನಿಗೆ ಸೇರಿದ್ದು. ಕೈಹಿಡಿಗೆ ಮರ, ಇಟಲಿಯ ಚರ್ಮ, ಕಾರ್ಬನ್ ಫೈಬರ್, ಟೈಟಾನಿಯಂ. ವಿನ್ಯಾಸವೂ ಇಟಲಿಯ ಟ್ರೆವಿಸೊದಲ್ಲಿ ತೆರೆದ ಹೊಸ ಕೇಂದ್ರದ್ದು. ಬೆಲೆ ಸುಮಾರು 5,000 ಯೂರೊ ಅಂದರು. ಮರುವರ್ಷ ಅಮೆರಿಕದ ಅಂಗಡಿಗೆ ಬಂದಾಗ 7,000 ಡಾಲರ್ ಹತ್ತಿರ. ಆಗಿನ ಲೆಕ್ಕದಲ್ಲಿ ನಾಲ್ಕು ಲಕ್ಷ ರೂಪಾಯಿ ಆಸುಪಾಸು. ಒಳಗೆ ಇದ್ದದ್ದು 2011ರಲ್ಲೇ ಬಂದಿದ್ದ ಸೋನಿ ನೆಕ್ಸ್-7. ಅದೇ 24 ಮೆಗಾಪಿಕ್ಸೆಲ್ ಸೆನ್ಸರ್, ಅದೇ ಲೆನ್ಸ್ ಮೌಂಟ್, ಪರದೆ ಮೇಲೆ ಅದೇ ಸೋನಿ ಮೆನು. ಸೋನಿಯ ಹೆಸರಲ್ಲಿ ಅದು ಲೆನ್ಸ್ ಸಮೇತ 1,350 ಡಾಲರಿಗೆ ಸಿಗುತ್ತಿತ್ತು. ಐದು ಪಟ್ಟು!

ಸೆನ್ಸರಿನ ಅಳತೆ ನೋಡಿದರೆ ಬೇಜಾರು ಇನ್ನೂ ಹೆಚ್ಚಾಗುತ್ತೆ. 500ಸಿಯ ಫಿಲ್ಮ್ ಚೌಕ 56 ಮಿ.ಮೀ. × 56 ಮಿ.ಮೀ., ಅಂದರೆ 3,136 ಚದರ ಮಿ.ಮೀ. ನೆಕ್ಸ್-7ರ ಸೆನ್ಸರ್ 23.5 × 15.6, ಅಂದರೆ ಸುಮಾರು 367. ಎಂಟೂವರೆ ಪಟ್ಟು ಚಿಕ್ಕದು. ಹ್ಯಾಸಲ್‌ಬ್ಲಾಡ್ ಅಂದರೆ ದೊಡ್ಡ ಚೌಕ ಅಂತಲೇ ಜನ ನಂಬಿದ್ದರು, ಆ ದೊಡ್ಡ ಚೌಕಕ್ಕೇ ದುಡ್ಡು ಕೊಡುತ್ತಿದ್ದರು. ನಾಸಾ ಕಿತ್ತು ಬಿಸಾಡಿದ್ದ ಚರ್ಮವನ್ನು ಇವರು ವಾಪಸ್ ಅಂಟಿಸಿ, ಚಂದ್ರನ ಹೆಸರಿಟ್ಟು ಮಾರೋಕೆ ಹೊರಟಿದ್ದರು.

ಫೋಟೊಗ್ರಾಫರುಗಳು ನಕ್ಕರು. ಕಂಪನಿ ಹಿಂಜರಿಯಲಿಲ್ಲ. 2013ರಲ್ಲಿ ಸೋನಿ ಆರ್‌ಎಕ್ಸ್100ಕ್ಕೆ ಮರದ ಹಿಡಿ ಹಾಕಿ ಸ್ಟೆಲ್ಲಾರ್ ಅಂತ ತಂದರು. 650 ಡಾಲರಿನದ್ದು 1,995 ಆಯಿತು. 2014ರಲ್ಲಿ ಸೋನಿ ಎ99ಕ್ಕೆ ಎಚ್‌ವಿ ಅಂತ ಹೆಸರು, ಲೆನ್ಸ್ ಸಮೇತ 11,500 ಡಾಲರ್. ಆಮೇಲೆ ಲುಸ್ಸೊ ಅಂತ ಮತ್ತೊಂದು.

ಇಲ್ಲಿ “ಮೇಲೆ ಥಳಕು, ಒಳಗೆ ಹುಳುಕು” ಅನ್ನೋ ಗಾದೆ ಹೇಳೋಣ ಅನ್ಸುತ್ತೆ. ಆದರೆ ಅದು ಸರಿಹೋಗಲ್ಲ, ಯಾಕಂದ್ರೆ ಒಳಗೆ ಹುಳುಕು ಇರಲಿಲ್ಲ. ನೆಕ್ಸ್-7 ಆ ಕಾಲಕ್ಕೆ ಒಳ್ಳೇ ಕ್ಯಾಮೆರಾ. ಆರ್‌ಎಕ್ಸ್100 ಅಂತೂ ಜೇಬಿನ ಕ್ಯಾಮೆರಾಗಳಲ್ಲೇ ಅತ್ಯುತ್ತಮ ಅಂತ ಹೆಸರು ಮಾಡಿತ್ತು. ಹಾಗಾದರೆ ತಪ್ಪಾಗಿದ್ದು ಎಲ್ಲಿ?

ಬೇರೆಯವರು ಮಾಡಿದ್ದಕ್ಕೆ ತಮ್ಮ ಹೆಸರು ಹಚ್ಚಿದ್ದು ತಪ್ಪು ಅಂತ ಥಟ್ಟನೆ ಹೇಳಿಬಿಡಬಹುದು. ಇದನ್ನ ಬ್ಯಾಡ್ಜ್ ಎಂಜಿನಿಯರಿಂಗ್ ಅಂತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಹ್ಯಾಸಲ್‌ಬ್ಲಾಡ್ ಇದನ್ನ ಮೊದಲೂ ಮಾಡಿತ್ತು! 1998ರ ಎಕ್ಸ್‌ಪ್ಯಾನ್ ಎಂಬ ಅಗಲ ಫೋಟೊದ ಕ್ಯಾಮೆರಾ ತಯಾರಾಗಿದ್ದು ಜಪಾನಿನ ಫ್ಯೂಜಿಯಲ್ಲಿ. ಜಪಾನಿನಲ್ಲಿ ಅದನ್ನೇ ಫ್ಯೂಜಿ ಹೆಸರಲ್ಲಿ ಮಾರಿದರು. ಯಾರೂ ನಗಲಿಲ್ಲ. ಸಾಮಾನ್ಯ 35 ಮಿ.ಮೀ. ಫಿಲ್ಮಿನಲ್ಲೇ 65 ಮಿ.ಮೀ. ಅಗಲದ ಚಿತ್ರ ತೆಗೆಯುವ, ಬೇಕೆಂದಾಗ ಮಾಮೂಲಿ ಚಿತ್ರಕ್ಕೆ ಬದಲಾಗುವ ಅಂಥ ಕ್ಯಾಮೆರಾ ಬೇರೆ ಇರಲಿಲ್ಲ. ಇವತ್ತಿಗೂ ಹಳೇ ಎಕ್ಸ್‌ಪ್ಯಾನ್‌ಗೆ ಜನ ಮುಗಿಬೀಳ್ತಾರೆ. 2002ರ ಎಚ್1 ಕೂಡ ಫ್ಯೂಜಿಯ ಜೊತೆ ಸೇರಿ ಮಾಡಿದ್ದೇ. ಅದೂ ಸ್ಟುಡಿಯೊಗಳಲ್ಲಿ ದುಡಿಯಿತು.

ನಮ್ಮ ಕಡೆ ನೋಡಿ. ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ 1961ರಲ್ಲಿ ಶುರುವಾಗಿದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಒಳಗಿನ ಯಂತ್ರದ ವಿನ್ಯಾಸ ಅವರದ್ದು. ಅದನ್ನ ಮುಚ್ಚಿಡಲಿಲ್ಲ. ಇಲ್ಲಿನವರು ಕಲಿತರು, ಭಾಗಗಳನ್ನ ಇಲ್ಲೇ ಮಾಡಿದರು, ಸಾಮಾನ್ಯರ ಕೈಗೆ ಎಟುಕುವಂತೆ ಮಾರಿದರು. ತಾತನ ಜನತಾ ವಾಚು ಈಗಲೂ ಎಷ್ಟೋ ಮನೆಗಳಲ್ಲಿ ಕೀಲಿ ಕೊಟ್ಟರೆ ಓಡುತ್ತೆ. ಇನ್ನು 2022ರಿಂದ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೊಟಾ ಹೈರೈಡರ್ ಎರಡೂ ಬರ್ತಿವೆ. ಒಡಹುಟ್ಟಿದ ಕಾರುಗಳೇ. ಬೆಲೆಯೂ ಹತ್ತಿರಹತ್ತಿರ, ಹಾಗಾಗಿ ಯಾರೂ ಗಲಾಟೆ ಮಾಡಲ್ಲ. ನಮ್ಮದೇ ತಾಲ್ಲೂಕಿನ ನರಸಾಪುರದಲ್ಲಿ, ಮೊದಲು ವಿಸ್ಟ್ರಾನ್ ಈಗ ಟಾಟಾ ಎಲೆಕ್ಟ್ರಾನಿಕ್ಸ್ ನಡೆಸುವ ಕಾರ್ಖಾನೆಯಲ್ಲಿ, ಐಫೋನ್ ಜೋಡಣೆಯಾಗುತ್ತೆ. ಆ್ಯಪಲ್ ತಾನೇ ಜೋಡಿಸಲಿಲ್ಲ ಅಂತ ಯಾರಾದರೂ ಬೈತಾರಾ? ಚಿಪ್ಪು, ಸಾಫ್ಟ್‌ವೇರು, ವಿನ್ಯಾಸ ಆ್ಯಪಲ್‌ದು. “ಇದರಲ್ಲಿ ನಿನ್ನದು ಏನು” ಅಂದರೆ ಹೇಳೋಕೆ ಬೇಕಾದಷ್ಟಿದೆ.

ಲೂನಾರ್‌ಗೆ ಈ ಪ್ರಶ್ನೆ ಕೇಳಿದರೆ ಸಿಗುವ ಉತ್ತರ ಹಿಡಿ ಮತ್ತು ಹೆಸರು, ಅಷ್ಟೇ. ಸೆನ್ಸರಿನಿಂದ ಬರುವ ಚಿತ್ರ ಒಂದಿಷ್ಟೂ ಬದಲಾಗಲಿಲ್ಲ. ಐದು ಪಟ್ಟು ಬೆಲೆಯಲ್ಲಿ ನಾಲ್ಕು ಪಟ್ಟು ಹೆಸರಿನ ಬಾಡಿಗೆ. ಆ ಹೆಸರನ್ನು ದುಡಿದು ಕೊಟ್ಟವರು 1600 ಅನ್ನೋ ಸಂಖ್ಯೆಯನ್ನೇ ಇಳಿಸಿದ್ದ ಎಂಜಿನಿಯರುಗಳು. ಬಾಡಿಗೆ ಎತ್ತಿದವರು ಬೇರೆ. ಲೈಕಾ ಕೂಡ ಪ್ಯಾನಾಸಾನಿಕ್ ಕ್ಯಾಮೆರಾಗಳಿಗೆ ತನ್ನ ಹೆಸರು ಹಾಕಿ ಮಾರುತ್ತೆ, ಬೆಲೆಯೂ ಸ್ವಲ್ಪ ಜಾಸ್ತಿ. ಜನ ಗೊಣಗುತ್ತಾರೆ, ಆದರೆ ಸಹಿಸುತ್ತಾರೆ. ವ್ಯತ್ಯಾಸ ಐದು ಪಟ್ಟು ಇಲ್ಲ, ಜೊತೆಗೆ ಲೈಕಾದ ಸ್ವಂತ ಕ್ಯಾಮೆರಾಗಳ ಕೆಲಸ ಪಕ್ಕದಲ್ಲಿ ನಡೀತಾನೇ ಇದೆ.

ನಿಜವಾಗಿ ಪೆಟ್ಟು ಬಿದ್ದದ್ದು ಯಾರಿಗೆ? ಲೂನಾರ್ ಕೊಂಡ ಶ್ರೀಮಂತರಿಗಲ್ಲ. ಎಚ್ ಸರಣಿಯ ಕ್ಯಾಮೆರಾ, ಲೆನ್ಸುಗಳಿಗೆ ಲಕ್ಷಗಟ್ಟಲೆ ಸುರಿದು ಅದರಲ್ಲೇ ಹೊಟ್ಟೆ ಹೊರೆಯುತ್ತಿದ್ದ ಫೋಟೊಗ್ರಾಫರಿಗೆ. ಈ ಕಂಪನಿಯ ಗಮನ ಇನ್ನು ನಮ್ಮ ಮೇಲಿದೆಯಾ, ಐದು ವರ್ಷ ಆದಮೇಲೆ ರಿಪೇರಿ ಮಾಡಿಕೊಡೋಕೆ ಇವರು ಇರ್ತಾರಾ ಅನ್ನೋ ಅನುಮಾನ. ಕ್ಯಾಮೆರಾ ಕೊಳ್ಳೋದು ಒಂದು ಸಲದ ವ್ಯವಹಾರ ಅಲ್ಲ. ಬಾಡಿ ತಗೊಂಡರೆ ಲೆನ್ಸ್ ಆ ಕಂಪನಿದೇ ಆಗಬೇಕು, ಸರ್ವಿಸ್ ಅವರದ್ದೇ ಆಗಬೇಕು. ಮೊಬೈಲ್ ಹಾಗೆ ವರ್ಷಕ್ಕೊಂದು ಬದಲಾಯಿಸೋಕಾಗಲ್ಲ. ಅಂಥ ಕಡೆ ಅನುಮಾನ ಹುಟ್ಟಿದರೆ ಅದನ್ನ ಯಾವ ಜಾಹೀರಾತೂ ತೊಳೆಯಲ್ಲ.

2015ರಲ್ಲಿ ಪೆರಿ ಊಸ್ಟಿಂಗ್ ಎಂಬವರು ಮುಖ್ಯಸ್ಥರಾಗಿ ಬಂದರು. ತಮಾಷೆ ಏನಪ್ಪಾ ಅಂದ್ರೆ ಇವರು ಹಿಂದೆ ವರ್ಟು ಎಂಬ ಐಷಾರಾಮಿ ಫೋನ್ ಕಂಪನಿ ನಡೆಸಿದ್ದವರು. ಐಷಾರಾಮದ ವ್ಯಾಪಾರ ಗೊತ್ತಿದ್ದವರೇ ಬಂದು ಆ ಇಟಲಿಯ ಕೇಂದ್ರ ಮುಚ್ಚಿಸಿದರು, ಸೋನಿಗೆ ಬಟ್ಟೆ ತೊಡಿಸುವ ಕೆಲಸ ನಿಲ್ಲಿಸಿದರು. 2016ರ ಜೂನ್‌ನಲ್ಲಿ ಎಕ್ಸ್1ಡಿ ಬಂತು. ಕನ್ನಡಿ ಇಲ್ಲದ, ಕೈಯಲ್ಲಿ ಹಿಡಿಯಬಹುದಾದ ಮೀಡಿಯಂ ಫಾರ್ಮ್ಯಾಟ್ ಡಿಜಿಟಲ್ ಕ್ಯಾಮೆರಾ ಪ್ರಪಂಚದಲ್ಲೇ ಮೊದಲು. ತೂಕ 725 ಗ್ರಾಂ. ಬೆಲೆ ಬಾಡಿಗೇ 8,995 ಡಾಲರ್, ಲೂನಾರ್‌ಗಿಂತ ದುಬಾರಿ. ಒಳಗಿನ 50 ಮೆಗಾಪಿಕ್ಸೆಲ್ ಸೆನ್ಸರ್ ಯಾರದ್ದು ಗೊತ್ತಾ? ಸೋನಿಯದ್ದೇ! ಈ ಸಲ ಯಾರೂ ನಗಲಿಲ್ಲ. ಸೆನ್ಸರಿನ ಸುತ್ತ ಇದ್ದ ಬಾಡಿ, ಶಟರ್ ಕೂರಿಸಿದ ಹೊಸ ಲೆನ್ಸುಗಳ ಸರಣಿ, ಬಣ್ಣದ ಲೆಕ್ಕಾಚಾರ, ಬರೀ ಅಗತ್ಯದ್ದಷ್ಟೇ ಇದ್ದ ಮೆನು, ಎಲ್ಲವೂ ಹೊಸದಾಗಿ ಕೂತು ಮಾಡಿದ್ದು. ಮೊದಮೊದಲು ಆನ್ ಆಗೋಕೆ ತಡ, ಫೋಕಸ್ ನಿಧಾನ ಅಂತ ದೂರುಗಳಿದ್ದವು. ಆದರೆ ಅವು ಒಂದು ಕ್ಯಾಮೆರಾದ ಬಗ್ಗೆ ಹೇಳುವ ದೂರುಗಳು. ಬೇಡಿಕೆ ಎಷ್ಟಿತ್ತಂದ್ರೆ ಕಂಪನಿಗೆ ಅಷ್ಟು ಮಾಡಿಕೊಡೋಕೇ ಆಗಲಿಲ್ಲ. ಡ್ರೋನ್ ಮಾಡುವ ಚೀನಾದ ಡಿಜೆಐ 2015ರಲ್ಲೇ ಸ್ವಲ್ಪ ಪಾಲು ಕೊಂಡಿತ್ತು, 2017ರ ಹೊತ್ತಿಗೆ ಬಹುಪಾಲು ಅದರ ಕೈಗೆ ಹೋಯಿತು.

ಆಮೇಲೆ 2021ರಲ್ಲಿ ಒನ್‌ಪ್ಲಸ್ 9ರ ಬೆನ್ನ ಮೇಲೆ ಈ ಹೆಸರು ಬಂತು. ಅಲ್ಲಿಂದ ಶುರುವಾದ ಸಾಲಿನಲ್ಲಿ ನನ್ನ ಫೋನೂ ಒಂದು. ಲೆನ್ಸ್ ಹ್ಯಾಸಲ್‌ಬ್ಲಾಡ್‌ದಲ್ಲ, ಸೆನ್ಸರೂ ಅವರದ್ದಲ್ಲ. ಅವರು ಜೊತೆ ಸೇರಿ ಮಾಡಿದ್ದು ಮುಖ್ಯವಾಗಿ ಬಣ್ಣ ಹೊಂದಿಸುವ ಕೆಲಸ. ಮೈಬಣ್ಣ, ಆಕಾಶ, ಎಲೆಹಸಿರು ಕಣ್ಣಿಗೆ ಕಂಡ ಹಾಗೇ ಬರಬೇಕು ಅಂತ. ಇದು ಲೂನಾರ್‌ಗಿಂತ ಮೇಲು, ಎಕ್ಸ್1ಡಿಗಿಂತ ಬಹಳ ಕೆಳಗೆ ಅಂತ ನನ್ನ ಲೆಕ್ಕ. ನಿಮ್ಮಲ್ಲಿ ಯಾರ ಹತ್ತಿರ ಅಂಥ ಫೋನ್ ಇದೆಯೋ, ಅದೇ ಸೆನ್ಸರಿನ ಬೇರೆ ಫೋನಿನ ಪಕ್ಕ ಇಟ್ಟು ಒಂದೇ ದೃಶ್ಯ ತೆಗೆದು ನೋಡಿ.

ಇಷ್ಟನ್ನೂ ಆ ಫೋಟೊ ಅಣ್ಣನಿಗೆ ವಾಟ್ಸಾಪಿನಲ್ಲಿ ಬರೆದು ಕಳಿಸಿದೆ. ರಾತ್ರಿ ಉತ್ತರ ಬಂತು: “ಸರಿ ಕಣಪ್ಪಾ, ಬಣ್ಣ ಅವರದ್ದು. ಕೆಟ್ಟರೆ ಸರ್ವಿಸ್ ಯಾರದ್ದು?”